ಸರತಿಯಲ್ಲಿಲ್ಲದ ಮನೆ

ಲೆವೊವೈ, ಅದೊನಾರಾ ದ್ವೀಪ
9 ಮಾರ್ಚ್ 1987

ಪ್ರೀತಿಯ ಸಿಸ್ಟರ್ ಎಮೆರೆನ್ಸಿಯಾ,

ಅಪ್ಪ ಹೋದರು. ಫೆಬ್ರವರಿಯ ಮೊದಲ ವಾರದಲ್ಲಿ ಮಣ್ಣು ಮಾಡಿದೆವು. ಆಗಲೇ ನಿನಗೆ ಬರೆಯಬೇಕೆಂದು ಕೂತಿದ್ದೆ. ಮಠ ಬಿಟ್ಟು ಬಂದವಳು ಮಠಕ್ಕೆ ಪತ್ರ ಬರೆಯಬಹುದೋ ಬಾರದೋ ಗೊತ್ತಾಗಲಿಲ್ಲ. ಈಗಲೂ ಗೊತ್ತಿಲ್ಲ. ಇದನ್ನು ಮದರ್ ಮೊದಲು ಓದುವುದಾದರೆ ಅವರಿಗೂ ನನ್ನ ನಮಸ್ಕಾರ.

ನಾನು ಹೊರಟಾಗ ನೀವೆಲ್ಲ ಬೆಳಗಿನ ಪ್ರಾರ್ಥನೆಯಲ್ಲಿದ್ದಿರಿ. ಬಿಟ್ಟುಹೋಗುವವರನ್ನು ಹಾಗೆಯೇ ಕಳಿಸುತ್ತಾರೆಂದು ನನಗೂ ಅವತ್ತೇ ತಿಳಿದದ್ದು. ಅಡುಗೆಮನೆಯ ಬಾಗಿಲಿನಿಂದ ಹೊರಗೆ ಬಂದಾಗ ಒಳಗೆ ಕೀರ್ತನೆ ನಡೆಯುತ್ತಿತ್ತು. ಎಲ್ಲರಿಗಿಂತ ಒಂದಿಷ್ಟು ಮುಂದೆ ಓಡುವ ನಿನ್ನ ದನಿ ಬೇರೆಯಾಗಿ ಕೇಳಿಸಿತು. ಬಸ್ಸು ಬರುವವರೆಗೂ ಗೋಡೆಯ ಹೊರಗೆ ನಿಂತು ಕೇಳುತ್ತಿದ್ದೆ.

ಅಪ್ಪನನ್ನು ನೋಡಿಕೊಳ್ಳಲೆಂದು ಬಂದೆ, ನೋಡಿಕೊಂಡೆ. ಒಂದು ಪಕ್ಕ ಬಿದ್ದುಹೋಗಿದ್ದ ಮೈಯನ್ನು ಹೊರಳಿಸಿ ಮಲಗಿಸುವುದು, ಗಂಜಿ ಕುಡಿಸುವುದು, ಅಷ್ಟೇ. ಅವರಿದ್ದಾಗ ಯಾರು ಬಂದರೂ "ಸಿಸ್ಟರ್ ಅಪ್ಪನಿಗೋಸ್ಕರ ಬಂದಿದಾರೆ" ಎನ್ನುತ್ತಿದ್ದರು. ಈಗ ಏನೂ ಅನ್ನುವುದಿಲ್ಲ, ಸುಮ್ಮನೆ ನೋಡುತ್ತಾರೆ. ಅಣ್ಣ ಲಂಬೆರ್ತುಸ್‌ನ ಮನೆಯಲ್ಲಿ, ಮೆಕ್ಕೆಜೋಳ ತುಂಬಿಡುವ ಹಿಂದಿನ ಕೋಣೆಯಲ್ಲಿ ನನ್ನ ಚಾಪೆ. ಅತ್ತಿಗೆ ಓಸೆ ಕೆಟ್ಟವಳಲ್ಲ, ಬಾಯಿ ಚೂಪು. ಮೊನ್ನೆ ಪಕ್ಕದ ಮನೆಯ ಹುಡುಗಿಗಾಗಿ ವರನ ಕಡೆಯವರು ವಧುವಿನ ತೆರವೆಂದು ಆನೆದಂತ ಹೊತ್ತು ತಂದಾಗ ಎಲ್ಲರ ಎದುರಿಗೆ, "ನಮ್ಮನೆ ಹುಡುಗಿಗೆ ದಂತಾನೂ ಬರ್ಲಿಲ್ಲ, ದೇವ್ರೂ ಇಟ್ಕೊಳ್ಲಿಲ್ಲ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇಲ್ಲಿಗೆ ಫಾದರ್ ದೋಣಿಯಲ್ಲಿ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಉಳಿದ ಭಾನುವಾರ ಉಪದೇಶಿ ಗೋರಿಸ್ ಗುರುಗಳೇ ಪ್ರಾರ್ಥನೆ ನಡೆಸುತ್ತಾರೆ. ಏನಾದರೂ ಕೆಲಸ ಕೊಡಿ ಎಂದು ಅವರ ಬಳಿ ಹೋದೆ.

"ಬೈಬಲ್ ವಾಚನ ಓದ್ಲಾ ಗುರುಗಳೇ?"

"ಅದನ್ನ ಮೇಷ್ಟ್ರ ಹೆಂಡ್ತಿ ಓದ್ತಾರಲ್ಲ."

"ಮಕ್ಕಳಿಗೆ ಧರ್ಮೋಪದೇಶ?"

ತಲೆ ಕೆರೆದುಕೊಂಡರು. "ನೋಡಮ್ಮ, ತಾಯಂದ್ರು ಕೇಳ್ತಾರೆ. ಮಠದಲ್ಲಿ ನಿಲ್ದೇ ಇದ್ದೋಳು ನಮ್ಮಕ್ಕಳಿಗೆ ಏನ್ ಕಲಿಸ್ತಾಳೆ ಅಂತ. ನಾನನ್ನೋದಲ್ಲ, ಮತ್ತೆ."

"ಹೂವು ಇಡೋದು? ಗುಡ್ಸೋದು?"

"ಎಲ್ಲದಕ್ಕೂ ಒಬ್ಬೊಬ್ರು ಇದಾರೆ. ನೀನು ಸುಮ್ನೆ ಕೂತು ಪ್ರಾರ್ಥನೆ ಮಾಡು. ಅದೂ ಸೇವೆನೇ."

ಮಠದಲ್ಲಿದ್ದಾಗ ಕಾಯಿಲೆಯವರಿಗೆ, ಮುದುಕರಿಗೆ ನಾನು ಇದೇ ಮಾತು ಹೇಳುತ್ತಿದ್ದೆ. ಕೇಳಿಸಿಕೊಳ್ಳುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ.

ನಿನ್ನ ಬೆನ್ನುನೋವು ಹೇಗಿದೆ?

ಕ್ರಿಸ್ತನಲ್ಲಿ ನಿನ್ನ,
ಬಾರೆಕ್

(ಅಭ್ಯಾಸಬಲದಿಂದ ಮಠದ ಹೆಸರಾದ ಸಿಸ್ಟರ್ ರೆದೆಂಪ್ತಾ ಎಂದೇ ಸಹಿ ಹಾಕಲು ಹೋಗಿದ್ದೆ.)

*

ಲೆವೊವೈ
3 ಜೂನ್ 1987

ಪ್ರೀತಿಯ ಎಮೆರೆನ್ಸಿಯಾ,

ನಿನ್ನ ಉತ್ತರ ಬಂದಿಲ್ಲ. ಲರಾಂತುಕಾದಿಂದ ಬರುವ ದೋಣಿಯಲ್ಲಿ ಅಂಚೆ ಚೀಲ ನೆನೆದುಹೋಗುವುದುಂಟು, ಹಾಗೇ ಆಗಿರಬೇಕು ಅಂದುಕೊಂಡಿದ್ದೇನೆ. ನೀನು ಬರೆಯಲೇಬೇಕೆಂದಿಲ್ಲ. ನನಗೆ ಬರೆಯಲು ಯಾರಾದರೂ ಇರಬೇಕಲ್ಲ.

ಮರಿಯಮ್ಮನವರ ತಿಂಗಳು ಮುಗಿಯಿತು. ನಿಮ್ಮೂರಿನಂತೆಯೇ ಇಲ್ಲೂ ಮೇ ಮತ್ತು ಅಕ್ಟೋಬರ್‌ನಲ್ಲಿ ತಾಯಿಯ ಪ್ರತಿಮೆ ದಿನಕ್ಕೊಂದು ಮನೆಯಲ್ಲಿ ಉಳಿಯುತ್ತದೆ. ಸಂಜೆ ಕೇರಿಯವರೆಲ್ಲ ಸೇರಿ ದೀಪ ಹಿಡಿದು ಹಾಡುತ್ತ ಮುಂದಿನ ಮನೆಗೆ ಮುಟ್ಟಿಸಿ, ಅಲ್ಲಿ ಜಪಸರ ಹೇಳುತ್ತಾರೆ. ಯಾವತ್ತು ಯಾರ ಮನೆ ಎಂಬ ಸರತಿಯನ್ನು ಗೋರಿಸ್ ಗುರುಗಳು ಭಾನುವಾರ ಓದಿ ಹೇಳುತ್ತಾರೆ.

ನಮ್ಮ ಕೇರಿ ಮುಗಿಯುವಲ್ಲಿ ದಾರಿ ಕವಲಾಗುತ್ತದೆ. ಕಡಲ ಕಡೆಯ ಕವಲಿನಲ್ಲಿ ಒಂದೇ ಮನೆ, ನೊಗೊ ಎಂಬುವಳದು. ಅವಳ ಗಂಡ ತಾಳೆತೋಟದ ಕೆಲಸಕ್ಕೆಂದು ಕಡಲಾಚೆಯ ಸಬಾಕ್ಕೆ ಹೋಗಿ ನಾಲ್ಕು ವರ್ಷ. ಮೊದಮೊದಲು ಸುದ್ದಿ ಬರುತ್ತಿತ್ತಂತೆ, ಆಮೇಲೆ ಅದೂ ನಿಂತಿತು. ಹೋದ ವರ್ಷದ ಕೊನೆಗೆ ಅವಳಿಗೆ ಹೆಣ್ಣುಮಗು ಹುಟ್ಟಿದೆ. ಯಾರದೆಂದು ಅವಳು ಬಾಯಿ ಬಿಟ್ಟಿಲ್ಲ. ಅಲ್ಲಿಂದಾಚೆಗೆ ಅವಳ ಮನೆ ಸರತಿಯಲ್ಲಿಲ್ಲ. ಬೇಡವೆಂದು ಯಾರೂ ಹೇಳಿದ್ದಲ್ಲ. ಹೆಸರು ಓದುವಾಗ ಅವಳ ಹೆಸರು ಬರುವುದಿಲ್ಲ.

ಒಂದು ಸಂಜೆ ಮೆರವಣಿಗೆ ಆ ಕವಲನ್ನು ದಾಟುವಾಗ ನಾನು ಆ ಕಡೆ ನೋಡಿದೆ. ನೊಗೊ ಅಂಗಳ ಗುಡಿಸಿ ನೀರು ಚಿಮುಕಿಸಿದ್ದಳು. ಬಾಗಿಲಿಗೆ ಮೇಜು ತಂದಿಟ್ಟು ಬಿಳಿ ಬಟ್ಟೆ ಹಾಸಿ, ದಾಸವಾಳ ಇಟ್ಟು, ಮೇಣದಬತ್ತಿ ಹಚ್ಚಿದ್ದಳು. ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಳು. ಕರೆಯಲಿಲ್ಲ. ನಮ್ಮ ಹಾಡು ಮಾತ್ರ ಅಲ್ಲಿಗೆ ಬಂದಾಗ ಇನ್ನಷ್ಟು ಜೋರಾಯಿತು. ನಾನೂ ಜೋರಾಗಿಯೇ ಹಾಡಿದೆ. ಸ್ವಲ್ಪ ಮುಂದೆ ಹೋಗಿ ತಿರುಗಿ ನೋಡಿದೆ. ಅವಳು ಬತ್ತಿಯನ್ನು ಊದಿ ಆರಿಸಿ, ಹೂವಿನ ಲೋಟದ ನೀರನ್ನು ಗಿಡಕ್ಕೆ ಸುರಿಯುತ್ತಿದ್ದಳು.

ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮಠದ ಉಡುಪು ಮೈಮೇಲಿದ್ದಿದ್ದರೆ ನಾನೂ ಏನಾದರೂ ಮಾಡುತ್ತಿದ್ದೆನೇನೋ.

ನಿನ್ನ,
ಬಾರೆಕ್

*

ಮೌಮೆರೆ
28 ಜೂನ್ 1987

ಬಾರೆಕ್,

ನಿನ್ನ ಎರಡೂ ಪತ್ರ ತಲುಪಿವೆ. ಚೀಲ ನೆನೆದಿರಲಿಲ್ಲ.

ನಿನ್ನ ತಂದೆಗಾಗಿ ಸಿಸ್ಟರ್‌ಗಳೆಲ್ಲ ಬಲಿಪೂಜೆಯಲ್ಲಿ ಪ್ರಾರ್ಥಿಸಿದೆವು. ಮಠಕ್ಕೆ ಹೊಸ ಮದರ್ ಬಂದಿದ್ದಾರೆ, ಪತ್ರಗಳನ್ನು ಒಡೆದು ಓದುವುದಿಲ್ಲ. ಹಾಸ್ಟೆಲ್ ಈಗ ನನ್ನ ಜವಾಬ್ದಾರಿ. ಹುಡುಗಿಯರು ಫಾದರ್‌ಗಳ ತೋಟದ ಮಾವಿನಕಾಯಿ ಕದ್ದು ಸಿಕ್ಕಿಬಿದ್ದು ನನಗೆ ಕ್ಷಮಾಪಣೆ ಕೇಳುವ ಕೆಲಸ ತಂದಿಟ್ಟಿದ್ದಾರೆ. ಬೆನ್ನುನೋವು ಇದ್ದಲ್ಲೇ ಇದೆ.

ಹೊರಡುವ ಯೋಚನೆ ನಿನ್ನ ತಲೆಯಲ್ಲಿ ಎಷ್ಟು ಕಾಲದಿಂದ ಇತ್ತೋ ನನಗೆ ಗೊತ್ತಿಲ್ಲ. ನಿನ್ನ ಪಕ್ಕದ ಹಾಸಿಗೆ ನನ್ನದು. ಅವತ್ತು ಪ್ರಾರ್ಥನೆಯಲ್ಲಿ ನಿನ್ನ ಜಾಗ ಖಾಲಿ ಇದ್ದದ್ದು ಕಂಡು, ಜ್ವರ ಬಂದಿರಬೇಕೆಂದು ಬಿಸಿನೀರು ತೆಗೆದುಕೊಂಡು ಬಂದೆ. ಹಾಸಿಗೆ ಮಡಚಿತ್ತು. ಈ ವಿಷಯ ಇನ್ನು ಎತ್ತುವುದಿಲ್ಲ.

ದೇವರು ನಿನ್ನನ್ನು ಕಾಯಲಿ.

ಸಿಸ್ಟರ್ ಎಮೆರೆನ್ಸಿಯಾ

ಆ ಮಗುವಿಗೆ ಜ್ಞಾನಸ್ನಾನವಾಗಿದೆಯೇ?

*

ಲೆವೊವೈ
16 ಆಗಸ್ಟ್ 1987

ಪ್ರೀತಿಯ ಎಮೆರೆನ್ಸಿಯಾ,

ಆಗಿಲ್ಲ. ನೀನು ಕೇಳಿದ್ದಕ್ಕೇ ನಾನು ಆ ಮನೆಗೆ ಹೋಗುವಂತಾಯಿತು. ಇಲ್ಲದಿದ್ದರೆ ಇನ್ನೂ ಕವಲಿನಲ್ಲೇ ನಿಂತು ನೋಡುತ್ತಿದ್ದೆನೋ ಏನೋ.

ನೊಗೊ ಒಲೆಯ ಮುಂದೆ ಕೂತು ಮೆಕ್ಕೆಜೋಳ ಬಡಿಯುತ್ತಿದ್ದಳು. ಸುಡುಸುಡು ಕಾಳನ್ನು ಬರಿಗೈಯಲ್ಲಿ ಬಾಣಲೆಯಿಂದ ಎತ್ತಿ ಕಲ್ಲಿನ ಮೇಲೆ ಹಾಕಿ, ಇನ್ನೊಂದು ಕಲ್ಲಿನಿಂದ ಹೊಡೆದು ಅವಲಕ್ಕಿ ಮಾಡುವುದು ನಮ್ಮ ಹೆಂಗಸರಿಗೆಲ್ಲ ಗೊತ್ತು. ನನ್ನ ಕೈಗೆ ಮಾತ್ರ ಮರೆತುಹೋಗಿದೆ. ಅವಳು ಅದನ್ನೇ ಸಂತೆಗೆ ಒಯ್ದು ಮಾರಿ ಬದುಕುತ್ತಾಳೆ.

"ಏನ್ ಸಿಸ್ಟರ್, ದಾರಿ ತಪ್ಪಿ ಬಂದ್ರಾ?"

"ಇಲ್ಲ, ನಿನ್ನ ನೋಡೋಣ ಅಂತ."

"ನೋಡಿ ನೋಡಿ. ಎಲ್ರೂ ದೂರದಿಂದ ನೋಡ್ತಾರೆ, ನೀವು ಹತ್ರದಿಂದ್ಲೇ ನೋಡಿ." ಕಲ್ಲು ನಿಲ್ಲಲಿಲ್ಲ. "ಉಪದೇಶ ಮಾಡೋಕೆ ಬಂದಿದ್ರೆ ಬೇಗ ಮಾಡ್ಬಿಡಿ. ಕಾಳು ಸೀದ್ಹೋಗತ್ತೆ."

"ನಂಗೇ ಯಾರಾದ್ರೂ ಉಪದೇಶ ಮಾಡ್ಬೇಕಾಗಿದೆ."

ಆಗ ನಕ್ಕಳು. "ಹಂಗಾದ್ರೆ ಕೂತ್ಕೊಳಿ. ಈ ಕಲ್ಲು ಹಿಡ್ಕೊಳಿ."

ಬೆರಳು ಸುಟ್ಟುಕೊಂಡೆ. ನಾನು ಬಡಿದ ಅವಲಕ್ಕಿಯನ್ನು ನೋಡಿ, "ಇದು ಮಾರೋಕಾಗಲ್ಲ, ಕೋಳಿಗೆ ಹಾಕೋಣ" ಎಂದಳು. ಮಗು ಅಂಬೆಗಾಲಿಟ್ಟು ಬಂದು ನನ್ನ ಲುಂಗಿಯ ಅಂಚು ಹಿಡಿದು ಎದ್ದು ನಿಂತಿತು. ಹೆಸರು ತುತೊ, ನೊಗೊಳ ತಾಯಿಯ ಹೆಸರು.

"ಫಾದರ್ ಏನೋ ಜ್ಞಾನಸ್ನಾನ ಕೊಡ್ತೀನಿ ಅಂದ್ರು" ಎಂದಳು. "ಜ್ಞಾನಮಾತೆಯಾಗಿ ಮಗೂನ ಹಿಡ್ಕೊಳೋರು ಯಾರು ಅಂದ್ರು. ಊರೆಲ್ಲ ಕೇಳ್ದೆ. ಒಬ್ಳಿಗೆ ಗಂಡ ಬೈತಾನೆ, ಇನ್ನೊಬ್ಳಿಗೆ ಅವತ್ತೇ ತಲೆನೋವು ಬರತ್ತಂತೆ. ಯಾವತ್ತು ಅಂತ ನಾನಿನ್ನೂ ಹೇಳೇ ಇರ್ಲಿಲ್ಲ!"

ನಾನು ಬಾಯಿ ತೆರೆದೆ. ಅಣ್ಣನ ಮುಖ ಕಣ್ಣೆದುರು ಬಂತು. ಹಿಂದಿನ ಕೋಣೆಯೂ ಅವನದೇ, ಅನ್ನವೂ ಅವನದೇ. ಬಾಯಿ ಮುಚ್ಚಿಕೊಂಡೆ. ನೊಗೊ ಅದನ್ನು ಗಮನಿಸಿದಳು. ನುಗ್ಗೆಸೊಪ್ಪಿನ ಸಾರು ಬಡಿಸಿದಳು.

ಈಗ ಎರಡು ದಿನಕ್ಕೊಮ್ಮೆ ಹೋಗುತ್ತೇನೆ. ಸೇವೆ ಮಾಡುತ್ತಿದ್ದೇನೆ ಎಂದುಕೊಳ್ಳಬೇಡ. ಮಾತಾಡಿಸುವವರು ಸಿಗುತ್ತಾರೆಂದು ಹೋಗುತ್ತೇನೆ.

ನಿನ್ನ,
ಬಾರೆಕ್

*

ಮೌಮೆರೆ
20 ಸೆಪ್ಟೆಂಬರ್ 1987

ಪ್ರೀತಿಯ ಬಾರೆಕ್,

ಗಮನವಿಟ್ಟು ಓದು. ನಾನು ಮದರ್ ಹತ್ತಿರ ಮಾತಾಡಿದ್ದೇನೆ.

ನೀನು ಹೋದದ್ದು ತಂದೆಗಾಗಿ, ಅವರು ಈಗ ಇಲ್ಲ ಎಂದೆ. ಮದರ್ ಬಹಳ ಹೊತ್ತು ಕೇಳಿಸಿಕೊಂಡರು. ನೀನು ಬರುವುದಾದರೆ ಬಾಗಿಲು ತೆರೆದಿದೆ. ಹೊಸ ಹುಡುಗಿಯರ ಜೊತೆ ಒಂದು ವರ್ಷ ಮತ್ತೆ ಮೊದಲಿಂದ ಆರಂಭಿಸಬೇಕು. ಅವರು ನಿನ್ನನ್ನು ಆಂಟಿ ಎನ್ನುತ್ತಾರೆ, ಸಹಿಸಿಕೋ. ಕ್ರಿಸ್ಮಸ್‌ಗೆ ಮುಂಚೆ ನಿನ್ನ ಒಪ್ಪಿಗೆ ಬರೆದು ಕಳಿಸಿದರೆ ಸಾಕು. ಊರಲ್ಲಿ ನಿನ್ನನ್ನು ಹಾಗೆ ನೋಡುವವರ ನಡುವೆ, ಜೋಳದ ಮೂಟೆಗಳ ಜೊತೆ ನೀನೇಕೆ ಇರಬೇಕು? ಇಲ್ಲಿ ನಿನಗೆ ಕೆಲಸವಿದೆ. ಹಾಸ್ಟೆಲ್‌ಗೆ ಇನ್ನೊಬ್ಬರು ಬೇಕೆಂದು ನಾನೇ ಕೇಳಿಕೊಂಡಿದ್ದೇನೆ.

ಕಿಟಕಿ ಪಕ್ಕದ ನಿನ್ನ ಹಾಸಿಗೆಯನ್ನು ಯಾರಿಗೂ ಕೊಡಬೇಡಿ ಎಂದು ಹೇಳಿಟ್ಟಿದ್ದೇನೆ. ಬೇಗ ಬರೆ.

ನಿನ್ನ,
ಎಮೆರೆನ್ಸಿಯಾ

*

ಲೆವೊವೈ
25 ಅಕ್ಟೋಬರ್ 1987

ಪೆನಿ,

ಇವತ್ತು ಎಮೆರೆನ್ಸಿಯಾ ಎನ್ನಲು ಮನಸ್ಸಾಗಲಿಲ್ಲ, ನಿನ್ನ ಹಳೆಯ ಹೆಸರೇ ಬಂತು. ಇದನ್ನು ನಿನಗೆ ಹೇಳದೆ ಇರಲಾರೆ, ಮೊದಲು ಇದನ್ನೇ ಬರೆಯುತ್ತೇನೆ.

ಹೋದ ವಾರ ಪ್ರತಿಮೆ ನಮ್ಮ ಮನೆಯಲ್ಲಿತ್ತು. ಯಾರ ಮನೆಯಲ್ಲಿರುತ್ತದೋ ಆ ಮನೆಯವರೇ ಮರುದಿನ ಎತ್ತಿಕೊಂಡು ಮುಂದಿನ ಮನೆಗೆ ಕೊಡಬೇಕು. ಅಣ್ಣನ ಕಾಲಿಗೆ ಮೀನಿನ ಮುಳ್ಳು ಹೊಕ್ಕು ಬಾತುಕೊಂಡಿತ್ತು. ಅತ್ತಿಗೆಯ ಕೈಯಲ್ಲಿ ದೀಪ. ಹಾಗಾಗಿ ತಾಯಿಯನ್ನು ನನ್ನ ಕೈಗೆ ಕೊಟ್ಟರು. ಊರಿಗೆ ಬಂದ ಮೇಲೆ ದೇವರ ಕೆಲಸವೆಂದು ನನ್ನ ಕೈಗೆ ಬಂದದ್ದು ಅದೇ ಮೊದಲು.

ಬಲಗಡೆಯ ದಾರಿಯಲ್ಲಿ ದೊನಾತುಸ್‌ನ ಮನೆಗೆ ಹೋಗಬೇಕಿತ್ತು. ಕವಲಿಗೆ ಬಂದಾಗ ನಾನು ಎಡಕ್ಕೆ, ಕಡಲ ಕಡೆಗೆ ತಿರುಗಿದೆ. ಮೊದಲೇ ಯೋಚಿಸಿಟ್ಟದ್ದಲ್ಲ, ಪೆನಿ. ನಂಬು. ಕಾಲು ಆ ಕಡೆ ಹೋಯಿತು.

ಹಿಂದೆ ಒಬ್ಬೊಬ್ಬರಾಗಿ ಹಾಡು ನಿಲ್ಲಿಸಿದರು.

"ಏಯ್, ದಾರಿ ಈ ಕಡೆ!" ಗೋರಿಸ್ ಗುರುಗಳು ಕೂಗಿದರು.

"ಒಂದು ಮನೆ ಬಿಟ್ಹೋಗಿದೆ ಗುರುಗಳೇ."

"ಸರತಿಯಲ್ಲಿಲ್ಲ ಅದು!"

"ಹೌದು. ಅದಕ್ಕೇ ಹೋಗ್ತಿದೀನಿ."

ಯಾರೋ "ಮಠದೋರು ಸುಮ್‌ಸುಮ್ನೆ ಓಡಿಸಿಲ್ಲ ಬಿಡು ಇವಳ್ನ" ಎಂದರು. ಯಾರೂ ನನ್ನ ಹಿಂದೆ ಬರಲಿಲ್ಲ. ಎಷ್ಟು ಭಾರ ಗೊತ್ತೇ ಆ ಮರದ ತಾಯಿ! ನಾಲ್ಕು ಜನ ಕೈ ಬದಲಿಸಿಕೊಂಡು ಹೊರುವುದನ್ನು ಒಬ್ಬಳೇ ಹೊತ್ತಿದ್ದೆ. ದೀಪವಿಲ್ಲ, ಹೊತ್ತು ಮುಳುಗುತ್ತಿತ್ತು. ಬಿದ್ದರೆ ತಾಯಿಯ ಮೂಗು ಮುರಿಯುತ್ತದೆ, ಊರಿನವರು ನನ್ನ ಮೂಗು ಮುರಿಯುತ್ತಾರೆ ಎಂದುಕೊಂಡೇ ನಡೆದೆ.

ನೊಗೊ ಬಾವಿಕಟ್ಟೆಯ ಹತ್ತಿರ ಮಗುವಿನ ಮೈ ತೊಳೆಯುತ್ತಿದ್ದಳು. ನನ್ನನ್ನು ಕಂಡು ಹಾಗೇ ನಿಂತುಬಿಟ್ಟಳು.

"ಅಯ್ಯೋ, ಏನಕ್ಕ ಇದು! ಮನೆ ಗುಡಿಸಿಲ್ಲ ನಾನು. ಹೂವಿಲ್ಲ, ಏನಿಲ್ಲ."

"ಕೈ ಬೀಳ್ತಿದೆ, ಮೊದ್ಲು ಹಿಡ್ಕೋ!"

ಮೀನು ಒಣಗಿಸುವ ಮೇಜಿನ ಮೇಲೆ ತಾಯಿಯನ್ನು ಕೂರಿಸಿದೆವು. ನಾನು ಜಪಸರ ಶುರು ಮಾಡಿದೆ. ನಾನು ಅರ್ಧ ಹೇಳಿದರೆ ಉಳಿದರ್ಧ ನೊಗೊ. ಅವಳ ಉತ್ತರ ತೊದಲುತ್ತಿತ್ತು, ಮರೆತುಹೋಗಿತ್ತೋ ಅಳುತ್ತಿದ್ದಳೋ. ಮಗು ಬತ್ತಲೆ ಕೂತು ಕಿರುಚುತ್ತಿತ್ತು. ಊರೆಲ್ಲ ಸೇರಿ ಮಾಡುವ ಪ್ರಾರ್ಥನೆ ಇಬ್ಬರ ಬಾಯಲ್ಲಿ ಎಷ್ಟು ಸಣ್ಣದಾಗಿ ಕೇಳಿಸುತ್ತದೆ! ಅರ್ಧಕ್ಕೆ ಬಂದಿರಬೇಕು, ಹೊರಗಿನಿಂದ ಇನ್ನೊಂದು ದನಿ ಉತ್ತರ ಹೇಳತೊಡಗಿತು. ನೋಡಿದರೆ ಅತ್ತಿಗೆ ಓಸೆ, ಅಂಗಳದಲ್ಲಿ ದೀಪ ಹಿಡಿದು ನಿಂತಿದ್ದಾಳೆ.

ಮುಗಿದ ಮೇಲೆ, "ಪ್ರಾರ್ಥನೆಗೇನೂ ಬಂದಿಲ್ಲ ನಾನು" ಎಂದಳು. "ಕತ್ಲಲ್ಲಿ ಎಡವಿ ಬಿದ್ದು ಸತ್ರೆ ನಿನ್ನಣ್ಣ ನನ್ನೇ ಬೈಯೋದು."

ಮರುದಿನ ಪದ್ಧತಿಯಂತೆ ನೊಗೊಳೇ ತಾಯಿಯನ್ನು ಹೊತ್ತು ದೊನಾತುಸ್‌ನ ಮನೆಗೆ ಹೋದಳು. ನಾನು ಒಂದು ಕೈ ಹಿಡಿದೆ. ದೊನಾತುಸ್‌ನ ಹೆಂಡತಿ ಅವಳ ಮುಖ ನೋಡದೆ ಪ್ರತಿಮೆ ತೆಗೆದುಕೊಂಡಳು. ಆಮೇಲೆ, ಆಗಲೂ ಮುಖ ನೋಡದೆ, ಕಾಲಿನಿಂದ ಒಂದು ಮಣೆಯನ್ನು ಅವಳ ಕಡೆ ಸರಿಸಿದಳು. ನೊಗೊ ಕೂತಳು.

ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಗೋರಿಸ್ ಗುರುಗಳು ದಾರಿಯಲ್ಲಿ ಸಿಕ್ಕರೆ ಆಕಾಶ ನೋಡುತ್ತಾರೆ.

ನಿನ್ನ,
ಬಾರೆಕ್

*

ಮೌಮೆರೆ
19 ನವೆಂಬರ್ 1987

ಬಾರೆಕ್,

ಅಷ್ಟುದ್ದ ಪತ್ರ ಬರೆದಿದ್ದೀಯ. ನಾನು ಕೇಳಿದ್ದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ಊಟದ ಹೊತ್ತಿಗೆ ಮದರ್ ಕೇಳುತ್ತಾರೆ, "ನಿಮ್ಮ ಸ್ನೇಹಿತೆ ಏನಂದ್ರು?" ಅಂಚೆ ತಡವಾಗಿದೆ ಎನ್ನುತ್ತೇನೆ. ಸುಳ್ಳು ಹೇಳಿಸುತ್ತಿದ್ದೀಯ ನನ್ನಿಂದ.

ಪತ್ರವನ್ನು ತೋಟದಲ್ಲಿ ಕೂತು ಓದಿದೆ. ಮೂಗು ಮುರಿಯುವ ಮಾತಿಗೆ ಗಟ್ಟಿಯಾಗಿ ನಕ್ಕುಬಿಟ್ಟೆ. ಹುಡುಗಿಯರು ಗಾಬರಿಯಾಗಿ ನೋಡಿದರು. ನಾನು ನಗುವುದನ್ನು ಅವರು ನೋಡಿಯೇ ಇರಲಿಲ್ಲವಂತೆ. ಅದನ್ನು ಅವರು ಹೇಳಿದ ಮೇಲೆ ಒಂದು ವಿಷಯ ಹೊಳೆಯಿತು. ದೇವರು ನಿನಗೆ ಕೊಟ್ಟ ಕರೆಯನ್ನು ಉಳಿಸಬೇಕೆಂದು ನಿನ್ನನ್ನು ವಾಪಸ್ಸು ಕರೆಯುತ್ತಿದ್ದೇನೆ ಎಂದುಕೊಂಡಿದ್ದೆ, ಮದರ್‌ಗೂ ಹಾಗೇ ಹೇಳಿದ್ದೆ. ಹಾಗಲ್ಲ, ಬಾರೆಕ್. ಎಲ್ಲರೂ ನನ್ನ ಹತ್ತಿರ ಬೀಗದ ಕೈ ಕೇಳಲು ಬರುತ್ತಾರೆ, ಅನುಮತಿ ಕೇಳಲು ಬರುತ್ತಾರೆ. ನನ್ನ ತಾಯಿ ಇಟ್ಟ ಹೆಸರಿನಿಂದ ಕರೆಯುತ್ತಿದ್ದವಳು ನೀನೊಬ್ಬಳೇ. ಪ್ರಾರ್ಥನೆಯಲ್ಲಿ ನಲವತ್ತು ಜನರ ನಡುವೆ ಕೂತಿರುತ್ತೇನೆ, ಪಕ್ಕದಲ್ಲಿ ಯಾರೂ ಇಲ್ಲವೆನ್ನಿಸುತ್ತದೆ.

ಇದನ್ನು ಹೇಳಿ ನಿನ್ನನ್ನು ಕಟ್ಟಿಹಾಕುತ್ತಿಲ್ಲ. ಹೇಳದಿದ್ದರೆ ಇನ್ನೊಂದು ಸುಳ್ಳಾಗುತ್ತಿತ್ತು. ಹೌದು ಅಥವಾ ಇಲ್ಲ, ಒಂದು ಬರೆ.

ಪೆನಿ

*

ಲೆವೊವೈ
27 ಡಿಸೆಂಬರ್ 1987

ಪೆನಿ,

ಇಲ್ಲ.

ಇದನ್ನು ಬರೆಯಲು ಒಂದು ತಿಂಗಳು ಬೇಕಾಯಿತು. ನಿನ್ನ ಸೆಪ್ಟೆಂಬರ್ ಪತ್ರ ಬಂದ ದಿನ ನಾನು ಪೆಟ್ಟಿಗೆ ತೆಗೆದು ಬಟ್ಟೆ ಮಡಚಿದ್ದೆ, ಅದು ನಿನಗೆ ಗೊತ್ತಿರಲಿ. ಮಾರ್ಚ್‌ನಲ್ಲಿ ನಿನಗೆ ಮೊದಲ ಪತ್ರ ಬರೆದಾಗಲೇ ನನ್ನ ಮನಸ್ಸಿನಲ್ಲಿ ಇದ್ದದ್ದು ಅದೊಂದೇ, ಯಾರಾದರೂ ವಾಪಸ್ಸು ಬಾ ಎನ್ನಲಿ ಎಂದು. ಕೇಳಲು ನಾಚಿಕೆಯಾಗಿ ಬೆನ್ನುನೋವು ಕೇಳಿದೆ.

ಆದರೆ ನಿನ್ನೆ, ಕ್ರಿಸ್ಮಸ್ ಮರುದಿನ, ಫಾದರ್ ತುತೊಗೆ ಜ್ಞಾನಸ್ನಾನ ಕೊಟ್ಟರು. ಮಗುವನ್ನು ಹಿಡಿದು ನಿಂತವಳು ನಾನು. ಹಿಂದಿನ ಸಂಜೆ ಅಣ್ಣ, "ಆ ಮಗೂನ ಎತ್ಕೊಂಡ್ರೆ ಈ ಮನೆ ಹೆಸರು ನೀರಿಗೆ ಹೋಗತ್ತೆ" ಎಂದ. ಅತ್ತಿಗೆ ಒಲೆಯ ಮುಂದಿನಿಂದ, "ಯಾವ ಹೆಸರು? ಕುಡ್ದು ದೋಣಿ ಮುಳುಗಿಸ್ದೋನು ಅಂತಾರಲ್ಲ, ಅದಾ?" ಎಂದಳು. ಅಣ್ಣ ಎದ್ದು ಹೊರಗೆ ಹೋದ. ಬೆಳಿಗ್ಗೆ ನೋಡಿದರೆ ನನ್ನ ಚಾಪೆಯ ಹತ್ತಿರ ಅತ್ತಿಗೆಯ ನೇಯ್ದ ಶಾಲು ಇತ್ತು.

ತಲೆಗೆ ನೀರು ಬಿದ್ದಾಗ ತುತೊ ಅಳಲಿಲ್ಲ. ಫಾದರ್ ಗಡ್ಡಕ್ಕೆ ಕೈ ಹಾಕಿದಳು.

ಅಲ್ಲಿಗೆ ಬಂದರೆ ನನಗೆ ಜಾಗವಿದೆ, ಕೆಲಸವಿದೆ, ಪಕ್ಕದಲ್ಲಿ ನೀನಿದ್ದೀಯ. ಇಲ್ಲಿ ಏನೂ ಇಲ್ಲ. ಈಗಲೂ ವಾಚನ ಓದಲು ಬಿಡುವುದಿಲ್ಲ. ಆದರೂ ಯಾರೂ ಹೋಗದ ಒಂದು ಮನೆಗೆ ನಾನು ಹೋಗಬಲ್ಲೆ ಎಂದು ಗೊತ್ತಾಗಿದೆ. ಹೆಸರು ಕಳೆದುಕೊಂಡವಳಿಗೆ ಹೋಗಲು ಅಷ್ಟೊಂದು ಭಯವಿಲ್ಲ. ಉಡುಪು ತೊಟ್ಟ ರೆದೆಂಪ್ತಾ ಅಲ್ಲಿ ಕೂತು ಕಲ್ಲು ಹಿಡಿಯುತ್ತಿರಲಿಲ್ಲ, ಅವಳಿಗೆ ಕುರ್ಚಿ ಹಾಕುತ್ತಿದ್ದರು.

ನೀನೂ ನನ್ನ ಪಕ್ಕದಲ್ಲಿಲ್ಲ, ಪೆನಿ. ಪ್ರತಿ ಸಂಜೆ ಅದು ತಿಳಿಯುತ್ತದೆ. ಹಾಸಿಗೆಯನ್ನು ಯಾರಿಗಾದರೂ ಕೊಡು.

ಬಾರೆಕ್

*

ಲೆವೊವೈ
6 ಮಾರ್ಚ್ 1988

ಪ್ರೀತಿಯ ಪೆನಿ,

ನಿನ್ನಿಂದ ಪತ್ರವಿಲ್ಲ. ಪೊಟ್ಟಣ ಬಂತು. ಒಳಗೆ ಒಂದಕ್ಷರವೂ ಇರಲಿಲ್ಲ, ಮಗುವಿನ ಬಿಳಿ ಅಂಗಿ ಮಾತ್ರ. ಹೊಲಿಗೆ ನೋಡಿ ನಿನ್ನದೆಂದು ತಿಳಿಯಿತು. ಒಂದು ತೋಳು ಇನ್ನೊಂದಕ್ಕಿಂತ ಚಿಕ್ಕದು.

ಅದನ್ನು ಹಾಕಿಸಿಕೊಳ್ಳಲು ತುತೊ ಇಲ್ಲಿಲ್ಲ. ಜನವರಿಯ ಕೊನೆಗೆ ನೊಗೊ ಮಗುವನ್ನು ಕಟ್ಟಿಕೊಂಡು ಹಡಗು ಹತ್ತಿದಳು. ಸಬಾಕ್ಕೆ ಹೋದಳಂತೆ, ಗಂಡನನ್ನು ಹುಡುಕಲೋ ಬೇರೆ ಬದುಕು ಹುಡುಕಲೋ ತಿಳಿಯದು. ನನಗೆ ಹೇಳಲಿಲ್ಲ. ಅವಲಕ್ಕಿ ಬಡಿಯೋಣವೆಂದು ಹೋದೆ, ಬಾಗಿಲಿಗೆ ಹೊರಗಿನಿಂದ ಹಗ್ಗ ಕಟ್ಟಿತ್ತು. ಅತ್ತಿಗೆಗೆ ಗೊತ್ತಿತ್ತು. "ನಿಂಗೆ ಹೇಳೋಕೆ ಅವಳಿಗೆ ಬಾಯಿ ಬರ್ಲಿಲ್ಲ ಕಣೆ" ಎಂದಳು. "ನನ್ಗೋಸ್ಕರ ಮಠಕ್ಕೆ ಹೋಗೋದು ಬಿಟ್ಲು, ನಾನೇ ಬಿಟ್ಟು ಹೋಗ್ತೀನಿ ಅಂತ ಹೆಂಗೆ ಹೇಳ್ಲಿ ಅಂತ ಅತ್ಲು."

ಅವಳ ಮೇಲೆ ಕೋಪ ಬರಲಿಲ್ಲ. ಆ ಜಗಲಿಯಲ್ಲೇ ಸಂಜೆಯವರೆಗೆ ಕೂತಿದ್ದೆ. ನಿನಗೆ ಬರೆದ 'ಇಲ್ಲ' ಎಂಬ ಮಾತನ್ನು ಅಂಚೆ ಚೀಲದಿಂದ ಹಿಂದಕ್ಕೆ ತೆಗೆಯಬಹುದೇ ಎಂದೂ ಯೋಚಿಸಿದೆ. ಫೆಬ್ರವರಿಯೆಲ್ಲ ನಾನು ಯಾರ ಹತ್ತಿರವೂ ಸರಿಯಾಗಿ ಮಾತಾಡಿದ ನೆನಪಿಲ್ಲ. ಭಾನುವಾರ ದೇವಾಲಯದ ಕೊನೆಯ ಬೆಂಚಿನಲ್ಲಿ ಕೂತು ಬರುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಒಬ್ಬ ಮುದುಕಿ ಬಂದಳು, ಬೆಟ್ಟದ ಮೇಲಿನ ಕೇರಿಯವಳು, ಲಿಪಾತ್ ಎಂದು. ಜಮೀನಿನ ಜಗಳದಲ್ಲಿ ಅವಳ ಮಗ ಅದೇ ಕೇರಿಯ ಒಬ್ಬನನ್ನು ಕಡಿದು ಜೈಲಿಗೆ ಹೋಗಿದ್ದ, ಜೈಲಲ್ಲೇ ತೀರಿಕೊಂಡ. ನಲವತ್ತನೆಯ ದಿನದ ಪ್ರಾರ್ಥನೆಗೆ ಯಾರನ್ನು ಕರೆದರೂ ಬರುವುದಿಲ್ಲ ಎಂದಿದ್ದಾರೆ.

"ಗೋರಿಸ್ ಗುರುಗಳ ಹತ್ರ ಹೋಗಿದ್ದೆ" ಎಂದಳು. "ನಾನು ಬಂದ್ರೆ ಕಡಿಸ್ಕೊಂಡು ಸತ್ತೋನ ಮನೆಯೋರು ನೊಂದ್ಕೊತಾರೆ ಅಂದ್ರು. ಆಮೇಲೆ ಹೊರಗೆ ಬಂದು ಮೆಲ್ಲಗೆ ಅಂದ್ರು, ಲಂಬೆರ್ತುಸ್ ತಂಗಿ ಒಬ್ಳಿದಾಳೆ, ಅವಳ್ನ ಕೇಳು, ಅವಳು ಬರ್ತಾಳೆ ಅಂತ. ನೀನೇ ಏನಮ್ಮ? ಬರ್ತೀಯಾ?"

ಪೆನಿ, ಗೋರಿಸ್ ಗುರುಗಳು ನನಗೆ ಕೊಟ್ಟ ಮೊದಲ ಕೆಲಸ ಅದು. ನನ್ನ ಮುಖಕ್ಕೆ ಹೇಳಲಾಗದೆ ಮುದುಕಿಯ ಕೈಯಲ್ಲಿ ಹೇಳಿ ಕಳಿಸಿದ್ದಾರೆ.

ಹೋದೆ. ಏರು ದಾರಿ, ಉಸಿರು ಸಿಕ್ಕಲಿಲ್ಲ. ಮನೆಯೊಳಗೆ ಚಾಪೆಗಳನ್ನು ಸಾಲಾಗಿ ಹಾಸಿದ್ದಳು. ಒಲೆಯ ಮೇಲೆ ದೊಡ್ಡ ಹಂಡೆ.

"ಎಷ್ಟು ಜನಕ್ಕೆ ಮಾಡಿದೀರಿ ಅಜ್ಜಿ?"

"ಕೇರಿಗೆಲ್ಲ. ಮಾಡ್ಬೇಕಲ್ಲ, ಪದ್ಧತಿ."

ನಾನು ಪ್ರಾರ್ಥನೆ ಹೇಳಿದೆ, ಅವಳು ಉತ್ತರ ಕೊಟ್ಟಳು. ಮಗನ ಹೆಸರು ಬರುವಲ್ಲಿ ಅವಳ ದನಿ ನಿಲ್ಲುತ್ತಿತ್ತು, ಅದನ್ನೂ ನಾನೇ ಹೇಳಿದೆ. ಕಡಿಸಿಕೊಂಡು ಸತ್ತವನ ಹೆಸರನ್ನೂ ಹೇಳಲೇ ಎಂದು ಕೇಳಿದೆ. ಅವಳು ನೆಲ ನೋಡುತ್ತ ತಲೆಯಾಡಿಸಿದಳು. ಇಬ್ಬರ ಹೆಸರನ್ನೂ ಹೇಳಿದೆ. ಆಮೇಲೆ ಇಬ್ಬರೂ ಎದುರುಬದುರು ಕೂತು ಅನ್ನ, ಕೋಳಿಸಾರು ತಿಂದೆವು. ಹಂಡೆ ಹಾಗೇ ತುಂಬಿತ್ತು. ಅವಳು ಅದನ್ನೇ ನೋಡುತ್ತ ಕೂತಿದ್ದಳು.

ನಾನು ಎದ್ದು ತಾಳೆಗರಿಯ ಬುಟ್ಟಿ ಕೇಳಿದೆ. ಅನ್ನ ತುಂಬಿಕೊಂಡು ತಲೆಯ ಮೇಲೆ ಹೊತ್ತು ಕೇರಿಗೆ ಇಳಿದೆ. ಮೊದಲನೆಯ ಮನೆಯಲ್ಲಿ, "ಅಜ್ಜಿ ಮಗನ ನಲವತ್ತರ ಅನ್ನ, ತಗೊಳಿ" ಎಂದೆ. ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಒಬ್ಬ ಹೆಂಗಸು ತುಂಬ ಹೊತ್ತು ನನ್ನ ಮುಖ ನೋಡಿದಳು. ಒಳಗೆ ಹೋದಳು. ಬರುವುದಿಲ್ಲವೆಂದು ನಾನು ಬುಟ್ಟಿ ಎತ್ತುವಷ್ಟರಲ್ಲಿ ತಟ್ಟೆ ಹಿಡಿದು ಬಂದಳು. ತಟ್ಟೆಗೆ ಅನ್ನ ಬಡಿಸಿದೆ.

ಬುಟ್ಟಿಯಲ್ಲಿ ಇನ್ನೂ ಅನ್ನವಿತ್ತು. ಮೂರನೆಯ ಮನೆಯ ಅಂಗಳಕ್ಕೆ ಹೋಗಿ ಕೂಗಿದೆ.

ನಿನ್ನ,
ಬಾರೆಕ್